ಹತ್ತು ಅಕ್ಷರದ ಪೋಲಿಷ್ ಪದ

ನನ್ನಂಥ ಉದ್ದ ಹೆಸರಿನವನಿಗೆ ಉದ್ದ ಪದಗಳೇ ಬಂದು ಗಂಟುಬೀಳುತ್ತವೆ, ನಾನೇನೂ ಕರೆದಿರುವುದಿಲ್ಲ. ಸ್ಯಾನ್ ಡಿಯಾಗೋದ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ನಾನು "ಮಿಸ್ಟರ್ ಎಸ್". ಪೋಲೆಂಡಿನವರಾದ ಪ್ರೊಫೆಸರ್ ಒಬ್ಬರೇ "ಸಚ್ಚಿದಾನಂದಮೂರ್ತಿ" ಎಂದು ಒಂದಕ್ಷರವನ್ನೂ ನುಂಗದೆ ಕರೆಯುತ್ತಿದ್ದರು. ಕಳೆದ ವರ್ಷ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಅವರ ಪಿಎಚ್.ಡಿ. ವಿಷಯವನ್ನು ಅವರ ಭಾಷೆಯಲ್ಲೇ ಹೇಳುತ್ತೇನೆಂದು ಹುಮ್ಮಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟೆ. ಅವರು ನನ್ನ ಹೆಸರಿಗೆ ಕೊಟ್ಟ ಮರ್ಯಾದೆಯನ್ನು ನಾನೂ ಹಿಂತಿರುಗಿಸಬೇಡವೇ? ಆಮೇಲೆ ನೋಡಿದರೆ ಅದರಲ್ಲಿತ್ತು ಈ ಪದ: ದೆಜೊಕ್ಸಿರಿಬೊನುಕ್ಲೆಇನೊವಿ. ನಾವು ಡಿಎನ್‌ಎ ಎಂದು ಮುಗಿಸುವುದನ್ನು ಬಿಡಿಸಿ ಬರೆದರೆ ಹೀಗಾಗುತ್ತದಂತೆ.

೧. ಪ್ರಸ್ತಾರ

ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಲಿಸಿದಂತೆ ಪದವನ್ನು ಕನ್ನಡದಲ್ಲಿ ಬರೆದು, ಲಘು ಗುರು ಗುರುತು ಹಾಕಿದೆ. ಒತ್ತಕ್ಷರದ ಹಿಂದಿನದು ಗುರು. ಹಾಗಾಗಿ 'ಜೊ' ಮೇಲೂ 'ನು' ಮೇಲೂ ಭಾರ ಹಾಕಿ, ನನಗೆ ಗುಟ್ಟಾಗಿ ಫೋನಿನಲ್ಲಿ ಪಾಠ ಹೇಳುತ್ತಿದ್ದ ಪ್ರೊಫೆಸರರ ಹೆಂಡತಿಗೆ ಒಪ್ಪಿಸಿದೆ.

"ಮೆಟ್ಟಿಲಿಳಿಯುವಾಗ ಎರಡು ಸಲ ಮುಗ್ಗರಿಸಿದ ಹಾಗಿದೆ," ಎಂದರು. "ನಮ್ಮಲ್ಲಿ ಒತ್ತು ಒಂದೇ. ಕೊನೆಯದಕ್ಕಿಂತ ಒಂದು ಹಿಂದೆ, 'ನೊ' ಮೇಲೆ."

"ಮೇಡಂ, ನಮ್ಮ ಮೇಷ್ಟ್ರು ಇದಕ್ಕೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು."

"ಹಾಗಾದರೆ ಭಾಷಣಕ್ಕೆ ಅವರನ್ನೇ ಕರೆಸಿ."

೨. ಸಿಗ್ನಲ್

ಮಗಳನ್ನು ಸ್ಕೂಲಿಗೆ ಬಿಡುವಾಗ ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಾ ಅಭ್ಯಾಸ ಶುರುಮಾಡಿದೆ. ಎಂಟು ಅಕ್ಷರ ಮೆಲ್ಲಗೆ, ಒಂಬತ್ತನೆಯ 'ನೊ'ಗೆ ಜೋರಾಗಿ ಒಂದು ಏಟು. ಏಟು ಹಾರ್ನಿಗೆ ಬಿತ್ತು. ಕೆಂಪು ಸಿಗ್ನಲ್ಲಿನಲ್ಲಿ ನಾಲ್ಕು ಸಲ ಬಿದ್ದ ಮೇಲೆ ಮುಂದಿನ ಕಾರಿನವನು ಇಳಿದೇ ಬಂದ. ಮಗಳು ಸೀಟಿನ ಕೆಳಗೆ ಕುಸಿದಳು.

"ಅಪ್ಪಾ, ಪ್ಲೀಸ್ ಸ್ಟಾಪ್! ಫ್ರಮ್ ಟುಮಾರೋ ಐ ವಿಲ್ ವಾಕ್!"

ಸ್ಕೂಲು ಐದು ಮೈಲಿ.

೩. ದೇವಸ್ಥಾನ

ನನ್ನ ಕೈಲಾಗುವುದಿಲ್ಲ ಎಂದು ಖಾತ್ರಿಯಾಗಿ, ಭಾನುವಾರ ಎರಡೂವರೆ ಗಂಟೆ ಕಾರು ಓಡಿಸಿ ಕ್ಯಾಲಬಾಸಸ್ ಊರಿನ ದೇವಸ್ಥಾನಕ್ಕೆ ಹೋದೆ. ಕಣ್ಣುಮುಚ್ಚಿ, ಕೈಮುಗಿದು, ಆ ಪದವನ್ನೇ ಗೊಣಗುತ್ತಾ ಪ್ರದಕ್ಷಿಣೆ ಹಾಕಿದೆ. ಕಣ್ಣು ಬಿಟ್ಟರೆ ಸೆರಿಟೋಸ್ ಊರಿನ, ಮುಖಪರಿಚಯದ ಒಬ್ಬ ಆಂಟಿ ಭಕ್ತಿಯಿಂದ ಹಿಂದೆ ಬರುತ್ತಿದ್ದಾರೆ.

"ಯಾವ ಸ್ತೋತ್ರ ಅದು? ಸ್ವಲ್ಪ ಬರ್ಕೊಡ್ತೀರಾ? ನಮ್ಮನೆಯವ್ರಿಗೆ ಮಂಡಿನೋವು."

"ಸ್ತೋತ್ರ ಅಲ್ಲ ಆಂಟಿ, ಪೋಲಿಷ್."

"ಏನಾದ್ರೂ ಆಗಿರ್ಲಿ. ದಿನಕ್ಕೆ ಎಷ್ಟು ಸಲ ಹೇಳ್ಬೇಕು?"

೪. ಬೀಳ್ಕೊಡುಗೆ

ಆ ದಿನ ಬಂದೇ ಬಂತು. ತಾಳ ಹಾಕಲು ಸ್ಟಿಯರಿಂಗ್ ಇರಲಿಲ್ಲ. ಮೇಜನ್ನೇ ಗುದ್ದಿದೆ. ಹತ್ತೂ ಅಕ್ಷರ ಸರಿಯಾಗಿ ಬಂದವು! ಪ್ರೊಫೆಸರ್ ಒದ್ದೆಗಣ್ಣಿನಿಂದ ಬಂದು ತಬ್ಬಿಕೊಂಡರು. ಮೂರು ತಿಂಗಳ ಸಂಕಟವೆಲ್ಲ ಸಾರ್ಥಕವಾಯಿತೆಂದು ನನಗೂ ಅಳು ಬಂತು.

"ಅದ್ಭುತ," ಎಂದು ಕಿವಿಯಲ್ಲಿ ಹೇಳಿದರು. "ಆದರೆ ನಮ್ಮೂರಿನ ಲ್ಯಾಬುಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಾವೂ ಡಿಎನ್‌ಎ ಅಂತಲೇ ಅನ್ನುವುದು."

ನನ್ನ ಜೀವ ಅಲ್ಲೇ ಬತ್ತಿಹೋಯಿತು. "ಮೇಡಂ ಒಂದು ಮಾತು ಹೇಳಲಿಲ್ಲವಲ್ಲ ಸಾರ್!"

"ಹೇಳಬೇಡ ಎಂದವನು ನಾನೇ," ಎಂದರು ಪ್ರೊಫೆಸರ್. "ನಿಮ್ಮ ಹೆಸರನ್ನು ನಾನು ಆರು ತಿಂಗಳು ಕಲಿತೆ. ಏಳನೇ ತಿಂಗಳು ನಿಮ್ಮ ಹೆಂಡತಿ ಲ್ಯಾಬಿನ ಬಾಗಿಲಲ್ಲಿ ನಿಂತು 'ಸಚ್ಚೀ' ಎಂದು ಕೂಗಿದರು."