ಅಜ್ಜಿಗೆ ಕಡಲು ತೋರಿಸಿದ್ದು

ನಮ್ಮ ಮನೆಯವರು ಒಟ್ಟಾಗಿ ಗಾಡಿ ಹತ್ತಿದರೆ ಏನಾದರೊಂದು ನಡೆಯದೆ ಇಳಿದದ್ದೇ ಇಲ್ಲ. ಬೇರೆಯವರು ಇದಕ್ಕೆ ನಾಚಿಕೊಳ್ಳಬಹುದು, ನಾನು ನಾಚಿಕೊಳ್ಳುವುದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮ ಯಜಮಾನರ ಅಜ್ಜಿಗೆ ಎಂಬತ್ತು ದಾಟಿತ್ತು. ಕಾಲು ಗಟ್ಟಿ ಇರುವಾಗಲೇ ಒಮ್ಮೆ ಕಡಲು ನೋಡಬೇಕೆಂಬುದೊಂದೇ ಅವರ ಆಸೆ.

"ಆ ಘಟ್ಟ ಇಳಿಸಿದರೆ ಅಜ್ಜಿಯನ್ನು ಜೀವಸಹಿತ ವಾಪಸು ತರುವುದಿಲ್ಲ ನೀವು," ಎಂದರು ಭಾವ, ಅಂದರೆ ಯಜಮಾನರ ಅಣ್ಣ.

"ಹೋದ ಹಾಗೆಯೇ ತಂದು ಒಪ್ಪಿಸುತ್ತೇನೆ," ಎಂದೆ. ನಾನು ಮಡಿಕೇರಿಯ ಕಾನ್ವೆಂಟಿನಲ್ಲಿ ಓದಿದವಳು. ಕೊಟ್ಟ ಮಾತು ತಪ್ಪುವುದನ್ನು ಅಲ್ಲಿ ಕಲಿಸಿರಲಿಲ್ಲ.

ನೆಂಟರ ರಸ್ತೆ

ಎಸ್ಟೇಟಿನ ಹಳೆಯ ವ್ಯಾನಿನಲ್ಲಿ ಅಜ್ಜಿ, ಅತ್ತೆ, ನಾವಿಬ್ಬರು, ನಮ್ಮ ಮಗಳು, ಹೀಗೆ ನಾಲ್ಕು ತಲೆಮಾರು ಹೊರಟೆವು. ಬೆಳಗಿನ ತಿಂಡಿ ವಿರಾಜಪೇಟೆಯಲ್ಲಿ ಎಂದು ನಾನು ಮೊದಲೇ ಗೊತ್ತುಮಾಡಿದ್ದೆ. ಆದರೆ ನಾಪೋಕ್ಲು ದಾಟುವ ಮೊದಲೇ ಅಜ್ಜಿ, "ನಿಲ್ಲಿಸೋ, ಇದು ನನ್ನ ತಂಗಿಯ ನಾದಿನಿಯ ಮನೆ," ಎಂದರು.

ನಮ್ಮಲ್ಲಿ ಹಿರಿಯರು ಬಾಗಿಲಿಗೆ ಬಂದರೆ ಮನೆಯವರೆಲ್ಲ ಸಾಲಾಗಿ ಬಂದು ಕಾಲು ಮುಟ್ಟಬೇಕು, ಬಂದವರು ತಿನ್ನದೆ ಏಳಬಾರದು. ಮುಂದಿನ ತಿರುವಿನಲ್ಲಿ ಇನ್ನೊಂದು ನೆಂಟರ ಮನೆ, ಅದರಾಚೆ ಮತ್ತೊಂದು. ಪ್ರತಿ ಮನೆಯಲ್ಲೂ ಉಗಿಯಲ್ಲಿ ಬೇಯಿಸಿದ ಕಡಂಬಿಟ್ಟಿನ ಉಂಡೆ, ಹಂದಿ ಸಾರು. ವಿರಾಜಪೇಟೆ ಮುಟ್ಟುವಾಗ ಹೊತ್ತು ನೆತ್ತಿಗೇರಿತ್ತು, ನಮಗೆ ಮಾತಾಡಲೂ ಆಗುತ್ತಿರಲಿಲ್ಲ.

ಮಾಕುಟ್ಟದ ಕಾಡು ಶುರುವಾದ ಮೇಲೆ ನಾನು ಉಸಿರು ಬಿಟ್ಟೆ. ಅಲ್ಲಿ ಇರುವುದು ಆನೆಗಳು ಮಾತ್ರ. ಆನೆಗಳಲ್ಲಿ ಅಜ್ಜಿಗೆ ನೆಂಟರಿರಲಿಲ್ಲ.

ಉಪ್ಪು

ಕಣ್ಣಾನೂರಿನ ಕಡಲ ದಡದಲ್ಲಿ ಅಜ್ಜಿ ಸೆರಗು ಸರಿಮಾಡಿಕೊಂಡು, ದೊಡ್ಡವರ ಮುಂದೆ ನಿಂತ ಹಾಗೆ ಬಹಳ ಹೊತ್ತು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ನೋಡದವಳಂತೆ ಬೇರೆ ಕಡೆ ತಿರುಗಿದೆ. ಆಮೇಲೆ ಅವರು ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದರು.

"ಇಷ್ಟು ನೀರಿದ್ದೂ ಒಂದು ಗದ್ದೆಗೆ ಆಗಲ್ಲ! ನಮ್ಮ ಕಾವೇರಿ ಇಲ್ಲಿಗೆ ಬರ್ತಾಳಾ?"

"ಇಲ್ಲ ಮುತ್ತಜ್ಜಿ, ಅವಳು ಆಚೆ ಕಡೆಯ ಸಮುದ್ರಕ್ಕೆ ಹೋಗ್ತಾಳೆ," ಎಂದಳು ಮಗಳು. ಭೂಗೋಳದಲ್ಲಿ ಅವಳೇ ತರಗತಿಗೆ ಮೊದಲು.

"ಜಾಣೆ. ಉಪ್ಪು ಅಂತ ಗೊತ್ತಾಗಿ ಆ ಕಡೆ ತಿರುಗಿದ್ದಾಳೆ."

"ಅದೂ ಉಪ್ಪೇ, ಮುತ್ತಜ್ಜಿ."

"ನೀನು ಕುಡಿದು ನೋಡಿದ್ದೀಯಾ?"

ಮಗಳು ನನ್ನ ಮುಖ ನೋಡಿದಳು. ಕಾನ್ವೆಂಟಿನಲ್ಲಿ ನಮಗೂ ಯಾರೂ ಕುಡಿಸಿರಲಿಲ್ಲ.

ಫೋಟೋ

ಮರುದಿನ ನೆನಪಿಗೆಂದು ಸ್ಟುಡಿಯೋಗೆ ಹೋದೆವು. ಫೋಟೋದವನು ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ, "ಅಮ್ಮ, ಸ್ವಲ್ಪ ನಗಿ," ಎಂದ.

"ಯಾಕೆ? ನೀನು ಏನು ಮಾಡಿದೆ?" ಎಂದರು ಅಜ್ಜಿ.

ಅದೇ ಹೊತ್ತಿಗೆ ಅವನು ಒತ್ತಿಬಿಟ್ಟ. ಆ ಫೋಟೋದಲ್ಲಿ ಎಲ್ಲರೂ ಬಾಯಿ ತೆರೆದು ನಗುತ್ತಿದ್ದಾರೆ. ಮರ್ಯಾದೆಯಿಂದ ಕೂತವರು ಅಜ್ಜಿ ಮತ್ತು ನಾನು ಮಾತ್ರ.

ಎರಡು ಗುಂಡು

ಅಂದೇ ಹೊರಟೆವು. ಘಟ್ಟ ಹತ್ತುವಾಗಲೇ ವ್ಯಾನು ಕೆಮ್ಮತೊಡಗಿತ್ತು. ಸಂಜೆಗೆ ಮನೆಯ ಕೆಳಗಿನ ತಿರುವಿಗೆ ಬಂದದ್ದೇ ತಡ, ಅದರ ಹೊಗೆ ಕೊಳವೆ ಢಂ, ಢಂ ಎಂದು ಎರಡು ಸಲ ಸಿಡಿದು, ಗಾಡಿ ನಿಂತೇಹೋಯಿತು. ಅಜ್ಜಿ ನಿದ್ದೆಯಲ್ಲಿದ್ದರು, ಏಳಲಿಲ್ಲ. ಯಜಮಾನರು ಬಾನೆಟ್ ಎತ್ತಿ ರಿಪೇರಿಗೆ ತೊಡಗಿದರು.

ನಮ್ಮ ಕಡೆ ಗಂಡು ಹುಟ್ಟಿದರೆ ಕೋವಿಯಿಂದ ಒಂದು ಗುಂಡು, ಸಾವಾದರೆ ಎರಡು. ಎರಡು ಗುಂಡು ಕೇಳಿದರೆ ಊರವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಕಾಡಿನ ದಾರಿಯೆಂದು ಯಜಮಾನರು ಕೋವಿ ಒಯ್ದದ್ದು ಭಾವನಿಗೆ ಗೊತ್ತಿತ್ತು.

ಗಂಟೆಯ ಮೇಲೆ ವ್ಯಾನು ರಿಪೇರಿಯಾಗಿ ಅಂಗಳಕ್ಕೆ ಬಂದಾಗ ಬಿಳಿ ಬಟ್ಟೆ ಉಟ್ಟವರು ತುಂಬಿದ್ದರು. ಭಾವ ಓಡಿಬಂದು, "ನಾನು ಹೇಳಿರಲಿಲ್ವಾ!" ಎಂದು ಗೋಳಾಡುತ್ತ ಬಾಗಿಲು ತೆರೆದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕಣ್ಣುಬಿಟ್ಟರು.

"ಯಾರೋ ಹೋದದ್ದು?"

ಭಾವ ಬಾಗಿಲು ಹಿಡಿದುಕೊಂಡೇ, "ಎರಡು ಗುಂಡು ಕೇಳಿತು ಅಜ್ಜಿ... ನೀವೇ ಅಂತ..." ಎಂದರು.

"ಗುಂಡಲ್ಲ ಭಾವ, ವ್ಯಾನು," ಎಂದೆ ನಾನು. "ಎಣಿಸಿಕೊಳ್ಳಿ. ಹೋದ ಹಾಗೆಯೇ ತಂದಿದ್ದೇನೆ."

ಅಜ್ಜಿ ಮೆಲ್ಲನೆ ಕೆಳಗಿಳಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಬಂದವರ ಮುಖಗಳನ್ನು ಒಂದೊಂದಾಗಿ ನೋಡಿದರು. ಬೆಚ್ಚಿದರೇನೋ ಎಂದು ನಾನು ತೋಳು ಹಿಡಿದುಕೊಂಡೆ.

"ಮೇಲಿನ ಮನೆಯವನು ಎಲ್ಲಿ? ಬಂದಿಲ್ವಾ? ಅವನಪ್ಪನ ಸಾವಿಗೆ ನಾನು ಜಡಿಮಳೆಯಲ್ಲಿ ನಡೆದು ಹೋಗಿದ್ದೆ!"

"ಬರಬಹುದು ಅಜ್ಜಿ," ಎಂದರು ಭಾವ.

ಅಜ್ಜಿ ಯಜಮಾನರ ಕಡೆ ತಿರುಗಿದರು.

"ಮಗಾ, ಆ ಗಾಡಿಯನ್ನು ಇನ್ನೊಂದು ಸಲ ಢಂ ಅನ್ನಿಸು. ಅವನಿಗೆ ಕೇಳಿಸಿರಲಿಕ್ಕಿಲ್ಲ."