ಅಧ್ಯಕ್ಷರ ಪರವಾಗಿ ಮಾತ್ರೆ

ದೊಡ್ಡಬಳ್ಳಾಪುರದ ಮೂಡಣಕೇರಿ ವಿವಿಧೋದ್ದೇಶ ಸಹಕಾರ ಸಂಘದ ಅಧ್ಯಕ್ಷರಾದ ಶ್ರೀ ಕೆಂಪರಾಜ್ ಅವರ ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿರುವುದನ್ನು ಆಡಳಿತ ಮಂಡಳಿಯು ಸರ್ವಾನುಮತದಿಂದ ಗಮನಕ್ಕೆ ತೆಗೆದುಕೊಂಡಿತು.

ಡಾಕ್ಟರ್ ರೂಪ ಬಿಡಿಸಿ ಹೇಳಿದ್ದರು: "ದಿನಾ ಮಾತ್ರೆ ತಗೊಂಡು ಕೊಲೆಸ್ಟ್ರಾಲ್ ಇಳಿಸಿ. ಕಟ್ಟಿರೋ ಕೊಬ್ಬು ಪೂರ್ತಿ ಕರಗಿಹೋಗಲ್ಲ. ಆದ್ರೆ ಸ್ವಲ್ಪ ಕುಗ್ಗುತ್ತೆ, ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಅದು ಒಡೆದ್ರೇ ಅಪಾಯ."

ಅಧ್ಯಕ್ಷರಿಗೆ ಪುರಸೊತ್ತಿರಲಿಲ್ಲ. ದಿನಕ್ಕೊಂದು ಬಾಡೂಟ, ನಡುನಡುವೆ ಭಾಷಣ. ಅವರ ಪರವಾಗಿ ಸಹಿ ಹಾಕಲು ಕಾರ್ಯದರ್ಶಿ ಮಮತ ಇದ್ದರು, ಸಾವಿನ ಮನೆಗಳಿಗೆ ಹಾರ ಒಯ್ಯಲು ಅಟೆಂಡರ್ ಆಂಜಿನಪ್ಪ ಇದ್ದ. ಹಾಗಾಗಿ ಮಾತ್ರೆಯೂ ಆಂಜಿನಪ್ಪನ ಪಾಲಿಗೆ ಬಂತು.

"ನಂಗೇನೂ ಕಾಯಿಲೆ ಇಲ್ವಲ್ಲ ಮೇಡಂ?"

"ಇದ್ದಿದ್ರೆ ನಿಮ್ಮ ಪರವಾಗಿ ತಗೊಂಡಂಗಾಗ್ತಿತ್ತು ಆಂಜಿನಪ್ಪ. ಅದಕ್ಕೆ ನಿಯಮ ಒಪ್ಪಲ್ಲ," ಎಂದರು ಮಮತ.

ಆಂಜಿನಪ್ಪ ನಿಷ್ಠಾವಂತ. ಮಾತ್ರೆ ನುಂಗಿದ, ಬೋಂಡ ಬಿಟ್ಟ. ಹಬ್ಬದ ದಿನ ಹೆಂಡತಿ ದ್ಯಾವಮ್ಮ ಕೋಳಿ ಸಾರು ಬಡಿಸಲು ಬಂದರೆ, "ಅಧ್ಯಕ್ಷರಿಗೆ ಆಗಲ್ಲ ಕಣೇ" ಎಂದು ಸೊಪ್ಪಿನ ಸಾರಿನಲ್ಲೇ ಮುದ್ದೆ ಮುಗಿಸಿದ. ಪರೀಕ್ಷೆಗೆ ರಕ್ತವನ್ನೂ ಅವನೇ ಕೊಟ್ಟ. ಕೊಲೆಸ್ಟ್ರಾಲ್ ಅರ್ಧಕ್ಕರ್ಧ ಇಳಿದಿತ್ತು. ಸಂಘದ ಮುಂದೆ ಬ್ಯಾನರ್ ಎದ್ದಿತು: 'ಕೊಲೆಸ್ಟ್ರಾಲ್ ಇಳಿಸಿದ ಧೀಮಂತ ನಾಯಕರಿಗೆ ಅಭಿನಂದನೆಗಳು.' ಸಮಾರಂಭದಲ್ಲಿ ಮಟನ್ ಬಿರಿಯಾನಿ. ಮೂರನೇ ತಟ್ಟೆಯ ಹೊತ್ತಿಗೆ ಅಧ್ಯಕ್ಷರು ಎದೆ ಹಿಡಿದುಕೊಂಡು ಕುಸಿದರು.

ಆಂಜಿನಪ್ಪ ಅವರ ಹಿಂದೆಯೇ ಆಸ್ಪತ್ರೆಗೆ ಓಡಿದ. ಹೊರಗೆ ನಿಂತು, ಎಲ್ಲಿ ತಪ್ಪಿದೆ ಎಂದು ಯೋಚಿಸಿದ. ಕದ್ದು ತಿಂದಿದ್ದ ಅರ್ಧ ವಡೆ ನೆನಪಾಗಿ ಅಳುವೇ ಬಂದುಬಿಟ್ಟಿತು.

ಸ್ಟೆಂಟ್ ಹಾಕಿ ಹೊರಬಂದ ಡಾಕ್ಟರ್ ರೂಪ ಕೇಳಿದರು: "ಜೀವಕ್ಕೇನೂ ತೊಂದ್ರೆ ಇಲ್ಲ. ಆದ್ರೆ ಒಳಗಿನ ಕೊಬ್ಬು ಒಡೆದಿದೆ. ಮಾತ್ರೆ ಸರಿಯಾಗಿ ತಗೊಂಡಿಲ್ವಾ?"

"ತಗೊಂಡಿದೀನಿ ಮೇಡಂ. ಒಂದಿನ ಮಾತ್ರ ವಡೆ ತಿಂದ್ಬಿಟ್ಟೆ."

ಡಾಕ್ಟರ್ ಪೆನ್ನು ತೆಗೆದರು. ಚೀಟಿಯಲ್ಲಿ 'ರೋಗಿಯೇ ಸ್ವತಃ ನುಂಗತಕ್ಕದ್ದು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು.

ಮಂಡಳಿ ತುರ್ತು ಸಭೆ ಸೇರಿತು. ವಡೆಯ ವಿಷಯದಲ್ಲಿ ಆಂಜಿನಪ್ಪನಿಗೆ ಕಾರಣ ಕೇಳಿ ನೋಟಿಸ್ ಕೊಟ್ಟಿತು. 'ಸ್ವತಃ' ಎಂಬ ಪದದ ಅರ್ಥಕ್ಕಾಗಿ ವಕೀಲರ ಅಭಿಪ್ರಾಯ ಕೋರಿತು. ಅಧ್ಯಕ್ಷರಿಗೆ ಡಾಕ್ಟರ್ ಹೇಳಿದ್ದ ಒಂದು ತಿಂಗಳ ವಿಶ್ರಾಂತಿಯನ್ನು, ಸಂಘದ ಚುನಾವಣೆ ಹತ್ತಿರವಿದ್ದ ಕಾರಣ, ಆಂಜಿನಪ್ಪನಿಗೇ ವಹಿಸಿತು.

ಮರುದಿನದಿಂದ ಅವನು ಮನೆಯಲ್ಲಿ ಮಂಚ ಹಿಡಿದ. ಸದಸ್ಯರು ಸೇಬು, ಮೂಸಂಬಿ ಹಿಡಿದು ಸಾಲಾಗಿ ಬಂದರು. ಅವನ ನಾಡಿ ಮುಟ್ಟಿ ನೋಡಿ, "ಹೆಂಗಿದ್ದಾರಪ್ಪಾ ಅಧ್ಯಕ್ಷರು?" ಎಂದು ಮೆಲ್ಲಗೆ ವಿಚಾರಿಸಿದರು.

"ಪರವಾಗಿಲ್ಲ, ಚೇತರಿಸ್ಕೊಳ್ತಿದ್ದಾರೆ," ಎಂದ ಆಂಜಿನಪ್ಪ, ಮಗ್ಗಲು ಬದಲಿಸುತ್ತಾ.