ಮುನೀರ್ ಪಾಷಾ ಎಚ್ಚರವಾಗಿದ್ದ ಮ್ಯಾಟ್ನಿ

ಕಡೂರಿನಲ್ಲಿ ಯಾವ ಸಿನಿಮಾ ಗೆಲ್ಲಬೇಕು, ಯಾವುದು ಮಣ್ಣುಮುಕ್ಕಬೇಕು ಎಂಬುದನ್ನು ತೀರ್ಮಾನಿಸುವವರು ತಾವೇ ಎಂದು ಮುನೀರ್ ಪಾಷಾ ಅವರು ಎಂಟು ವರ್ಷಗಳಿಂದ ನಂಬಿಕೊಂಡಿದ್ದರು. ಈ ನಂಬಿಕೆಯಲ್ಲಿ ಸುಳ್ಳೇನೂ ಇರಲಿಲ್ಲ. ಹೇಗೆ ತೀರ್ಮಾನಿಸುತ್ತಿದ್ದರು ಎಂಬ ಒಂದು ಸಣ್ಣ ವಿವರ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಪಾಷಾ ಅವರದು ಲೇಡೀಸ್ ಟೈಲರಿಂಗ್ ಅಂಗಡಿ. ಬಸ್ ಸ್ಟ್ಯಾಂಡಿನಿಂದ ಸ್ಟೇಷನ್ ಕಡೆಗೆ ಹೋಗುವಾಗ ಕೊಬ್ಬರಿ ಮಂಡಿಯ ಪಕ್ಕ. ಒಂದು ಮಷೀನು, ಒಂದು ಕತ್ತರಿ, ಗೋಡೆಗೆ ನೇತುಹಾಕಿದ ಹದಿನೇಳು ಬ್ಲೌಸು (ಅದರಲ್ಲಿ ಒಂಬತ್ತು, ‘ನಾಳೆ ಕೊಡ್ತೀನಿ’ ಎಂದು ಹೋದ ತಿಂಗಳೇ ಮಾತು ಕೊಟ್ಟವು), ಹೊರಗೊಂದು ಮರದ ಬೆಂಚು. ಆ ಬೆಂಚೇ ನ್ಯಾಯಪೀಠ. ಶುಕ್ರವಾರ ಹೊಸ ಸಿನಿಮಾ ಬಂದರೆ ಶನಿವಾರ ಬೆಳಿಗ್ಗೆ ಅಲ್ಲಿ ತೀರ್ಪು.

ತೀರ್ಪಿನ ಭಾಷೆಯೂ ಅವರದೇ. “ಇಂಟರ್ವಲ್ ತಂಕ ಫಿಟ್ಟಿಂಗ್ ಸರಿಯಾಗೈತೆ, ಆಮೇಲೆ ಸೊಂಟದ ಹತ್ರ ಲೂಸು” ಎನ್ನುತ್ತಿದ್ದರು. ಕಥೆಯೇ ಇಲ್ಲದಿದ್ದರೆ, “ಬರೀ ಲೈನಿಂಗು, ಮೇಲ್ಬಟ್ಟೆನೇ ಇಲ್ಲ.” ನಗು ಬಾರದ ಹಾಸ್ಯಕ್ಕೆ, “ಗುಂಡಿ ಹಚ್ಚವ್ರೆ, ಕಾಜಾ ಮಾಡೋದು ಮರ್ತವ್ರೆ.” ಉಳಿದ ಕಥೆ ಎರಡನೇ ಭಾಗದಲ್ಲಿ ಎಂದು ಕೈಯೆತ್ತುವ ಸಿನಿಮಾಗಳ ಮೇಲಂತೂ ಅವರಿಗೆ ಕೆಟ್ಟ ಕೋಪ. “ಒಂದ್ ತೋಳು ಹೊಲ್ದು ಕೊಟ್ಟವ್ರೆ ಕಣ್ರೀ! ಇನ್ನೊಂದ್ ತೋಳು ಮುಂದಿನ ವರ್ಷವಂತೆ. ನಾನು ಹಂಗ್ ಮಾಡಿದ್ರೆ ನೀವು ಬಿಡ್ತೀರಾ?”

ಬೆಂಚಿನ ಕಾಯಂ ಸದಸ್ಯರು ಇಬ್ಬರು. ಸಿಂಗಟಗೆರೆಯ ಹೊನ್ನಯ್ಯ, ಕಾಯಿ ಮಾರಲು ಪೇಟೆಗೆ ಬಂದವರು ವಾಪಸು ಬಸ್ಸು ಬರುವ ತನಕ ಇಲ್ಲೇ ಕೂರುತ್ತಿದ್ದರು. ಅವರು ಸಿನಿಮಾ ಅಳೆಯುತ್ತಿದ್ದುದು ಬೇಸಾಯದಿಂದ. “ಹಿಂಗಾರಿನ ಕಡಲೇನ ಮುಂಗಾರಲ್ಲಿ ಬಿತ್ತಾವ್ನೆ ಹೀರೋ! ಇವ್ನು ಊರು ಉದ್ಧಾರ ಮಾಡ್ತಾನಾ?” ಎಂದು ಒಂದು ದೊಡ್ಡ ಚಿತ್ರವನ್ನೇ ಅವರು ಹೊಡೆದುರುಳಿಸಿದ್ದುಂಟು. ಇನ್ನೊಬ್ಬರು ಹಿಂದಿನ ಬೀದಿಯ ಕಾಂತಮ್ಮ. ಅವರದು ಎರಡೇ ಪ್ರಶ್ನೆ: ಹೀರೋಯಿನ್ ಎಷ್ಟು ಸೀರೆ ಬದಲಾಯಿಸಿದಳು, ಅತ್ತೆಗೆ ಕೊನೆಯಲ್ಲಿ ಬುದ್ಧಿ ಬಂತೋ ಇಲ್ಲವೋ.

ಇಷ್ಟೆಲ್ಲ ವೈಭವದ ಹಿಂದೆ ಒಂದು ಗುಟ್ಟಿತ್ತು. ಪಾಷಾ ಅವರು ಯಾವ ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಟಾಕೀಸಿಗೆ ಹೋಗುತ್ತಿದ್ದರು, ಅದು ಬೇರೆ ವಿಷಯ. ಶುಕ್ರವಾರ ಅಂಗಡಿಗೆ ರಜೆ. ಜುಮ್ಮಾ ನಮಾಜು ಮುಗಿಸಿ ಬಂದರೆ ಹೆಂಡತಿ ಜೈನಾಬಿಯ ಕೈಯ ಬಿರಿಯಾನಿ, ಅದರ ಮೇಲೆ ಇಬ್ಬರೂ ಮ್ಯಾಟ್ನಿಗೆ. ವಾರವಿಡೀ ಸೂಜಿಯ ಕಣ್ಣನ್ನು ದಿಟ್ಟಿಸಿದ ಮನುಷ್ಯ, ತುಂಬಿದ ಹೊಟ್ಟೆ, ಕತ್ತಲು, ತಣ್ಣನೆ ಗಾಳಿ, ಹಿಂದಕ್ಕೆ ಬಾಗುವ ಕುರ್ಚಿ. ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂದು ಪರದೆ ಎಚ್ಚರಿಸುವ ಹೊತ್ತಿಗೆ ಪಾಷಾ ಅವರು ಸಾಮಾನ್ಯವಾಗಿ ಯಾವ ಎಚ್ಚರಿಕೆಗೂ ಸಿಗದಷ್ಟು ದೂರ ಹೋಗಿರುತ್ತಿದ್ದರು.

ನೋಡುವ ಕೆಲಸ ಜೈನಾಬಿಯದು. ಆಕೆ ಅಳಬೇಕಾದಲ್ಲೆಲ್ಲ ಅತ್ತು, ಅಳಬೇಕಾಗಿಲ್ಲದ ಕಡೆಗೂ ಒಂದಿಷ್ಟು ಅತ್ತು, ಮನೆಗೆ ನಡೆದು ಬರುವಾಗ ಗಂಡನಿಗೆ ಕಥೆ ಒಪ್ಪಿಸುತ್ತಿದ್ದಳು. ಮನೆಯ ಮಾತು ದಖ್ಖನಿ. ಆದರೆ ಕನ್ನಡ ಸಿನಿಮಾದ ಕಥೆ ದಖ್ಖನಿಯಲ್ಲಿ ಹೇಳಿದರೆ ಡೈಲಾಗಿನ ಖಾರವೇ ಹೋಗುತ್ತದೆ ಎಂಬುದು ಆಕೆಯ ಸಿದ್ಧಾಂತ. ಹಾಗಾಗಿ ಟಾಕೀಸಿನ ಗೇಟಿನಿಂದ ಮನೆಯ ಹೊಸ್ತಿಲವರೆಗೆ, ಶುದ್ಧ ಕನ್ನಡದಲ್ಲಿ, ಹೀರೋಗೆ ಹೀರೋನ ಗಂಟಲು, ಖಳನಿಗೆ ಖಳನ ನಗೆ, ಲಾರಿಯ ಹಾರನ್ನನ್ನೂ ಮೀರಿಸುವ ದನಿಯಲ್ಲಿ ಕಥೆ ಸಾಗುತ್ತಿತ್ತು. (ಈ ಸಿದ್ಧಾಂತದಿಂದ ಆದ ಹಾನಿ ಪಾಷಾ ಅವರಿಗೆ ತಿಳಿಯುವುದು ತಡವಾಯಿತು.)

ಆ ಶುಕ್ರವಾರದ್ದು ಇಬ್ಬರು ಅಣ್ಣತಮ್ಮಂದಿರ ಸಿನಿಮಾ.

“ಆ ತಾಯಿ ಕಣ್ರೀ, ಆ ತಾಯಿ!” ಜೈನಾಬಿ ದುಪಟ್ಟಾದ ತುದಿಯಿಂದ ಮೂಗೊರೆಸಿಕೊಂಡಳು. “ಒಂದೇ ರೊಟ್ಟಿ, ಇಬ್ರಿಗೂ ಮುರ್ದು ಕೊಡ್ತಾಳೆ.”

“ಎಷ್ಟೊತ್ತು?”

“ಇಂಟರ್ವಲ್ ತಂಕ.”

“ಆಮೇಲೆ?”

“ಆಮೇಲೆ ಜೀಪುಗಳು ಹಾರ್ತವೆ. ಕೊನೇಲಿ ಮದುವೆ, ಅಲ್ಲೇ ತಾಯಿ ಸಾಯ್ತಾಳೆ. ಅಳು ತಡ್ಯಕ್ಕಾಗ್ಲಿಲ್ಲ. ನೀವೂ ಅಳ್ತಾ ಇದ್ದೀರೇನೋ ಅಂತ ನೋಡಿದ್ರೆ, ಬಾಯಿ ಬಿಟ್ಕೊಂಡು ಮಲ್ಗಿದ್ರಿ.”

“ಮಲಗಿರ್ಲಿಲ್ಲ ಕಣೇ. ಕಣ್ಣು ಮುಚ್ಚಿ ಮ್ಯೂಸಿಕ್ ಕೇಳ್ತಿದ್ದೆ.”

ಶನಿವಾರ ತೀರ್ಪು ಹೊರಬಿತ್ತು. “ರೊಟ್ಟಿ ಇರೋ ತಂಕ ಹೊಲಿಗೆ ಗಟ್ಟಿ. ಆಮೇಲೆ ಬಟ್ಟೆ ಸಾಲ್ದೆ ಜೀಪಿನ ತೇಪೆ ಹಾಕವ್ರೆ. ಯಾರೂ ಹೋಗ್ಬೇಡಿ.”

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಲಾವಿದನಿಗೆ ಕೊನೆಯ ಗಂಟು ಹಾಕದೆ ದಾರ ಕಡಿಯಲು ಮನಸ್ಸು ಬರುವುದಿಲ್ಲ. “ಒಂದು ಮಾತ್ರ ಒಪ್ಕೋಬೇಕು,” ಎಂದರು ಪಾಷಾ. “ಮದುವೆ ಸೀನಲ್ಲಿ ಹೀರೋಯಿನ್ ಬ್ಲೌಸು. ಆಹಾಹಾ! ಬೆನ್ನಿನ ಕೈಕೆಲಸ! ಅದನ್ನ ಹೊಲ್ದೋನ ಕೈಗೆ ಬಂಗಾರದ ಬಳೆ ಹಾಕ್ಬೇಕು.”

ಕಾಂತಮ್ಮ ಚೀಲದಿಂದ ಕೆಂಪು ರೇಷ್ಮೆಯ ಬ್ಲೌಸ್ ಪೀಸ್ ತೆಗೆದು ಮಷೀನಿನ ಮೇಲೆ ಹರಡಿಯೇಬಿಟ್ಟರು. “ಹಂಗಾದ್ರೆ ನಮ್ಮ ಮಗಳು ವಿದ್ಯಾಶ್ರೀಗೂ ಅದೇ ಹೊಲ್ದುಬಿಡಿ ಪಾಷಣ್ಣ. ಇನ್ನು ಹದಿನೈದು ದಿನಕ್ಕೆ ಅಜ್ಜಂಪುರದಲ್ಲಿ ಅವಳ ಮದುವೆ. ಗಂಡಿನ ಕಡೆಯೋರು ಮೂಗಿನ ಮೇಲೆ ಬೆರಳಿಡ್ಬೇಕು. ನಾನಂತೂ ಸಿನಿಮಾ ನೋಡಿಲ್ಲ. ನೀವು ನೋಡೀರಲ್ಲ, ಸಾಕು.”

“ಅದಾ? ಕಣ್ಮುಚ್ಚಿದ್ರೆ ಕಣ್ಮುಂದೆ ಬರುತ್ತೆ ಬಿಡಿ ಅಕ್ಕಾ,” ಎಂದರು ಪಾಷಾ. (ಕಣ್ಣು ಮುಚ್ಚಿದ ವಿಷಯ ಮಾತ್ರ ನಿಜ.)

ಹೊನ್ನಯ್ಯನವರಿಗೆ ಯಾಕೋ ಆಗಲೇ ಕೆಮ್ಮು ಬಂತು.

ಮಧ್ಯಾಹ್ನ ಊಟಕ್ಕೆ ಹೋದ ಪಾಷಾ ಅನ್ನ ಕಲಸುತ್ತ, ಸಹಜವಾಗಿ ಎಂಬಂತೆ ಕೇಳಿದರು: “ಆ ಮದುವೆ ಸೀನಲ್ಲಿ ಬ್ಲೌಸು ಹೆಂಗಿತ್ತು?”

“ತಾಯಿ ಸಾಯೋವಾಗ ಬ್ಲೌಸ್ ಯಾರ್ ನೋಡ್ತಾರ್ರೀ? ಮನುಷ್ಯರಾ ನೀವು?”

ಮೊಬೈಲಿನಲ್ಲಿ ಟ್ರೈಲರ್ ಹುಡುಕಿದರು. ಎರಡು ನಿಮಿಷದ ಟ್ರೈಲರಿನಲ್ಲಿ ಹನ್ನೊಂದು ಜೀಪು ಹಾರಿದವು. ಹೀರೋಯಿನ್ ಅರ್ಧ ಸೆಕೆಂಡು ಬಂದಳು, ಅದೂ ರೈನ್‌ಕೋಟಿನಲ್ಲಿ.

ಉಳಿದದ್ದು ಒಂದೇ ದಾರಿ. ಸೋಮವಾರ ಅಂಗಡಿಯ ಬಾಗಿಲು ಎಳೆದು ಪಾಷಾ ಒಬ್ಬರೇ ಮ್ಯಾಟ್ನಿಗೆ ಹೋದರು. ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುವ ಹಾಲೇಶ ಹುಬ್ಬೇರಿಸಿದ. “ಏನ್ ಸಾಬ್ರೇ, ಸೋಮ್ವಾರ? ಅದೂ ಎರಡನೇ ಸಲ?”

“ಒಂದೆರಡು ಪಾಯಿಂಟ್ ಚೆಕ್ ಮಾಡೋದಿತ್ತು.”

ಬಿರಿಯಾನಿ ಇಲ್ಲದಿದ್ದರೆ ನಿದ್ದೆ ಬಾರದು ಎಂಬ ಅವರ ಲೆಕ್ಕಾಚಾರ ತಪ್ಪಿತ್ತು. ಎಂಟು ವರ್ಷ ಅವರನ್ನು ಮಲಗಿಸಿ ಅಭ್ಯಾಸವಾಗಿದ್ದ ಕುರ್ಚಿ ತನ್ನ ಕರ್ತವ್ಯ ಮರೆಯಲಿಲ್ಲ. ಹಾಲೇಶ ಟಾರ್ಚು ಬಿಟ್ಟು ಭುಜ ಅಲುಗಿಸಿದಾಗ ಸಭಾಂಗಣದಲ್ಲಿ ಉಳಿದಿದ್ದದ್ದು ಪಾಪ್‌ಕಾರ್ನ್ ಸಿಪ್ಪೆ ಮತ್ತು ಪಾಷಾ.

ಬುಧವಾರ ಅವರು ಯುದ್ಧಕ್ಕೆ ಸನ್ನದ್ಧರಾಗಿ ಹೊರಟರು. ಬಲ ಜೇಬಿನಲ್ಲಿ ನಾಲ್ಕು ಹಸಿಮೆಣಸಿನಕಾಯಿ. ಎಡ ಜೇಬಿನಲ್ಲಿ ಒಂದು ಡಬ್ಬಿ ಗುಂಡುಸೂಜಿ. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು. ದಾರಿಯಲ್ಲಿ ಸಕ್ಕರೆಯಿಲ್ಲದ ಕಾಫಿ ಎರಡು ಲೋಟ.

ಮೂರು ಗಂಟೆಗಳ ಆ ಸಂಗ್ರಾಮವನ್ನು ವರ್ಣಿಸಲು ನಿಜಕ್ಕೂ ಷಟ್ಪದಿಯೇ ಬೇಕು. ರೆಪ್ಪೆ ಇಳಿದಾಗಲೆಲ್ಲ ಪಾಷಾ ತಮ್ಮ ತೊಡೆಗೆ ತಾವೇ ಸೂಜಿ ಚುಚ್ಚಿಕೊಂಡು ಸೀಟಿನಿಂದ ಅರ್ಧ ಅಡಿ ಮೇಲೆ ನೆಗೆದರು. ಸೂಜಿಗೆ ತೊಡೆ ಒಗ್ಗಿಹೋದ ಮೇಲೆ ಮೆಣಸಿನಕಾಯಿ ಕಚ್ಚಿದರು. ಅದನ್ನು ಹಿಡಿದ ಕೈಯಲ್ಲೇ ಕಣ್ಣುಜ್ಜಿಕೊಂಡರು. ತಾಯಿ ರೊಟ್ಟಿ ಮುರಿಯುವ ಹೊತ್ತಿಗೆ ಅವರ ಎರಡೂ ಕಣ್ಣುಗಳಿಂದ ಕಣ್ಣೀರು ಕೋಡಿ ಹರಿಯುತ್ತಿತ್ತು. ಯಾರನ್ನೋ ಸೀಟಿಗೆ ಕೂರಿಸಲು ಬಂದ ಹಾಲೇಶನ ಟಾರ್ಚಿನ ಬೆಳಕು ಅವರ ಮುಖದ ಮೇಲೆ ಬಿತ್ತು, ಅಲ್ಲೇ ನಿಂತುಬಿಟ್ಟಿತು, ಮತ್ತೆ ನಡುಗುತ್ತ ಹಿಂದೆ ಸರಿಯಿತು. ಆ ಬೆಳಕಿನ ಗಾಬರಿಯನ್ನು ಪಾಷಾ ಗಮನಿಸಲಿಲ್ಲ.

ಕೊನೆಗೂ ಮದುವೆ ಬಂತು. ಪಾಷಾ ಪೆನ್ಸಿಲು ಹಿಡಿದು ಮುಂದೆ ಬಾಗಿದರು. ಹೀರೋಯಿನ್ ಮಂಟಪಕ್ಕೆ ಬಂದಳು. ಎರಡೂ ಭುಜ ಮುಚ್ಚುವಂತೆ ಸೆರಗು ಹೊದ್ದು ಬಂದಳು. ದೀಪ ಕೆಂಪಾಯಿತು, ನೀಲಿಯಾಯಿತು, ಹಳದಿಯಾಯಿತು. ಸೆರಗಿನ ಸಂದಿಯಿಂದ ಒಂದೂವರೆ ಇಂಚು ತೋಳು ಇಣುಕಿತು. ಅಷ್ಟರಲ್ಲಿ ತಾಯಿ ಓಡಿಬಂದು ಸರಿಯಾಗಿ ಅದರ ಮೇಲೆಯೇ ಬಿದ್ದು ಪ್ರಾಣ ಬಿಟ್ಟಳು.

“ಸ್ವಲ್ಪ ಪಕ್ಕಕ್ಕೆ ಸಾಯ್ಬಾರ್ದಿತ್ತಾ ತಾಯೀ!” ಎಂದು ಪಾಷಾ ನೊಂದು ನುಡಿದರು.

ಇನ್ನು ಮಾನ ಉಳಿಯಬೇಕಾದರೆ ಕಲ್ಪನೆಯೇ ಗತಿ. ಎರಡು ದಿನ ಕೂತು ಅವರು ಜೀವಮಾನದಲ್ಲೇ ಹೊಲಿಯದಂಥ ಬ್ಲೌಸು ಹೊಲಿದರು. ಬೆನ್ನಿನ ಮೇಲೆ ಚಿನ್ನದ ದಾರದಲ್ಲಿ ಎದುರುಬದುರು ಎರಡು ಗಿಳಿ, ನಡುವೆ ಒಂದು ತೆಂಗಿನ ಹೊಂಬಾಳೆ. ಈ ಮಧ್ಯೆ ಗುರುವಾರ ಟಾಕೀಸಿನ ಮುಂದೆ ಜನ ಮುಗಿಬಿದ್ದದ್ದನ್ನೂ, ಶುಕ್ರವಾರ ಅದೇ ಸಿನಿಮಾ ಮುಂದುವರಿದು ‘ಹೌಸ್‌ಫುಲ್’ ಬೋರ್ಡು ತೂಗಿದ್ದನ್ನೂ ನೋಡಿ ಅವರಿಗೆ ಮೈಯುರಿದಿತ್ತು. ಹೋಗಬೇಡಿ ಎಂದು ತಾವು ತೀರ್ಪು ಕೊಟ್ಟ ಸಿನಿಮಾ!

ಶನಿವಾರ ಅಂಗಡಿಯ ಬಾಗಿಲೆತ್ತುವ ಮೊದಲೇ ಬೆಂಚು ಭರ್ತಿಯಾಗಿತ್ತು. ಎಲ್ಲರ ಮುಖವೂ ಊದಿಕೊಂಡಿತ್ತು.

“ಸಾಬ್ರೇ, ನಾವೇನ್ ಪಾಪ ಮಾಡಿದ್ವಿ?” ಹೊನ್ನಯ್ಯ ಎದ್ದು ನಿಂತರು. “ಯಾಕ್ ಎಚ್ಚರಾಗಿದ್ರಿ?”

“ಏನು?”

“ಬುಧ್ವಾರ! ಶುರುವಿನಿಂದ ಕೊನೇ ತಂಕ ಎಚ್ಚರಾಗಿದ್ರಂತೆ! ಅತ್ರಂತೆ! ಸೀಟಿಂದ ಎಗರೆಗರಿ ಬಿದ್ರಂತೆ! ಹಾಲೇಶ ಫೋನ್ ಮಾಡಿದ್ದಕ್ಕೆ ಟ್ರ್ಯಾಕ್ಟರ್ ಕಟ್ಕೊಂಡು ಹದಿನೆಂಟು ಜನ ಬಂದ್ವಿ ಸಿಂಗಟಗೆರೆಯಿಂದ. ನಮ್ಮವ್ವನ್ನೂ ಎತ್ಕೊಂಡು ಬಂದಿದ್ದೆ. ಏನೈತೆ ಅದ್ರಲ್ಲಿ? ಸ್ವಿಟ್ಜರ್ಲೆಂಡ್ ಅಂತ ಕೆಮ್ಮಣ್ಣುಗುಂಡಿ ತೋರುಸ್ತವ್ರೆ!”

“ನಾನು ಹೋಗ್ಬೇಡಿ ಅಂತ ಹೇಳಿದ್ನಲ್ರೀ!”

“ನಿಮ್ ಮಾತು ಯಾರಿಗ್ ಬೇಕು?” ಎಂದರು ಕಾಂತಮ್ಮ, ನೋಯಿಸುವ ಉದ್ದೇಶವೇನೂ ಇಲ್ಲದೆ. “ಜೈನಾಬಕ್ಕ ಶುಕ್ರವಾರ ಸಂಜೆನೇ ಇಡೀ ರೋಡಿಗೆ ಕೇಳೋ ಹಂಗೆ ಕಥೆ ಹೇಳ್ಕೊಂಡು ಹೋಗಿರ್ತಾರೆ. ನಮಗೆ ಬೇಕಾಗಿರೋದು ನಿಮ್ ನಿದ್ದೆ ಪಾಷಣ್ಣ.”

ಎಂಟು ವರ್ಷದ ವ್ಯವಸ್ಥೆಯನ್ನು ಹೊನ್ನಯ್ಯ ಬೆರಳು ಮಡಚಿ ವಿವರಿಸಿದರು. ಪಾಷಾ ಬೀಡಿ ಸಿಗರೇಟಿನ ಜಾಹೀರಾತಿಗೇ ಮಲಗಿದರೆ ಸಿನಿಮಾ ಡಬ್ಬ. ಮೊದಲ ಹಾಡಿನವರೆಗೆ ತಡೆದರೆ ಟೀವಿಯಲ್ಲಿ ಬಂದಾಗ ನೋಡಬಹುದು. ಹೋದ ವರ್ಷ ಒಂದಕ್ಕೆ ಇಂಟರ್ವಲ್‌ವರೆಗೂ ಕಣ್ಣು ಬಿಟ್ಟುಕೊಂಡಿದ್ದರು, ಅದು ಮೂರು ವಾರ ಓಡಿತ್ತು. ಹಾಲೇಶ ನೋಡಿ ಹೇಳುತ್ತಾನೆ, ಊರು ಪಾಲಿಸುತ್ತದೆ. ಈತನಕ ಒಮ್ಮೆಯೂ ತಪ್ಪಿರಲಿಲ್ಲ.

“ಮತ್ತೆ ಈ ಬೆಂಚಲ್ಲಿ ಕೂತು ನನ್ ಮಾತು ಕೇಳ್ತಿದ್ದದ್ದು?” ಪಾಷಾ ಅವರ ದನಿ ಇಳಿದಿತ್ತು.

“ಬಸ್ಸು ಬರ್ಬೇಕಲ್ಲ ಸಾಬ್ರೇ,” ಎಂದರು ಹೊನ್ನಯ್ಯ.

ಕಾಂತಮ್ಮನ ಸರದಿ ಇನ್ನೂ ಮುಗಿದಿರಲಿಲ್ಲ. “ತರೀಕೆರೆಯಿಂದ ಬಂದಿದ್ದ ಮೂರು ಜನ ನಾದ್ನಿಯರನ್ನ ಕರ್ಕೊಂಡು, ಬ್ಲೌಸ್ ನೋಡಕ್ಕೆ ಅಂತ್ಲೇ ಹೋದೆ. ಎಲ್ರೀ ಇತ್ತು ಬ್ಲೌಸು? ಅವಳು ಜ್ವರ ಬಂದೋಳ ಥರ ಹೊದ್ಕೊಂಡು ಕೂತವ್ಳೆ!”

ಪಾಷಾ ಗಿಳಿಯ ಬ್ಲೌಸು ತೆಗೆದು ಮುಂದಿಟ್ಟರು. ಕಾಂತಮ್ಮ ಅದನ್ನು ಬಿಡಿಸಿದರು, ಬೆನ್ನು ನೋಡಿದರು, ಒಳಗಿನ ಹೊಲಿಗೆ ನೋಡಿದರು. ಬೈಯಲು ತೆರೆದಿದ್ದ ಬಾಯಿ ತೆರೆದೇ ಇತ್ತು.

“ಇದು ಬಿಡಿ, ಚೆನ್ನಾಗೈತೆ,” ಎಂದು ಮಡಚಿ ಚೀಲಕ್ಕೆ ಹಾಕಿಕೊಂಡರು. “ಹಿಂಗೇ ಕಣ್ಮುಚ್ಚಿಕೊಂಡು ಹೊಲೀರಿ, ಕಣ್ಮುಚ್ಚಿಕೊಂಡು ಸಿನಿಮಾ ನೋಡಿ. ಎಲ್ರಿಗೂ ಒಳ್ಳೇದು.”

ಮುಂದಿನ ಶುಕ್ರವಾರ ಹೊಸ ಸಿನಿಮಾ ಬಂತು. ಪಾಷಾ ಬಿರಿಯಾನಿ ಎರಡು ಸಲ ಬಡಿಸಿಕೊಂಡು ಹೋಗಿ ಅದೇ ಕುರ್ಚಿಯಲ್ಲಿ ಕೂತರು. ನಿದ್ದೆಯ ಗುಟ್ಟು ಊರಿನ ಮುಂದೆ ಬಯಲಾದ ಮೇಲೂ ಅವರು ಹೋದದ್ದೇಕೆಂದರೆ, ತಮ್ಮ ಅಭಿಪ್ರಾಯಕ್ಕಾಗಿ ಇಡೀ ಕಡೂರು ಕಾಯುತ್ತಿದೆ ಎಂಬುದು ಈಗ ಮೊದಲಿಗಿಂತ ಖಾತ್ರಿಯಾಗಿತ್ತು. ಮುಂದಿನ ಸಾಲಿನವರೆಲ್ಲ ಪರದೆಗೆ ಬೆನ್ನು ಮಾಡಿ ಅವರನ್ನೇ ನೋಡುತ್ತಿದ್ದರು. ಜಾಹೀರಾತು ಮುಗಿಯಿತು. ಮೊದಲ ಹಾಡೂ ಮುಗಿಯಿತು. ಪಾಷಾ ಅವರಿಗೆ ನಿದ್ದೆ ಬರಲಿಲ್ಲ.

ಬರಲಿಲ್ಲವೆಂದ ಮೇಲೆ ನೋಡಲೇಬೇಕಾಯಿತು. ಹೀರೋ ಅರ್ಧ ಗಂಟೆಯಲ್ಲಿ ಮೂರು ಸಲ ಸತ್ತು ಮೂರು ಸಲವೂ ಅದೇ ಮೀಸೆಯೊಂದಿಗೆ ಹುಟ್ಟಿಬಂದ. ಇಂಥ ಕಳಪೆ ಹೊಲಿಗೆಯನ್ನು ಪಾಷಾ ಕಂಡಿರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಅವರಿಗೆ ತಮ್ಮದೇ ಆದ, ಸ್ವಂತ ಕಣ್ಣಿನ, ಅಪ್ಪಟ ಅಭಿಪ್ರಾಯವೊಂದು ಮೂಡಿತ್ತು. ಅದನ್ನು ಊರಿಗೆ ತಿಳಿಸುವ ದಾರಿಯೂ ಅವರಿಗೆ ಗೊತ್ತಿತ್ತು. ಸಿಂಗಟಗೆರೆಯ ಹದಿನೆಂಟು ಜನರನ್ನು ನೆನೆದು, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಎದೆಯಾಳದಿಂದ ಗೊರಕೆ ಹೊಡೆದರು.

“ಏನ್ರೀ ಇದು, ಹೊಸ ಥರ ಬರ್ತೈತೆ?” ಎಂದಳು ಜೈನಾಬಿ, ಪರದೆಯಿಂದ ಕಣ್ಣು ತೆಗೆಯದೆ.

ಹಾಲೇಶ ಓಡಿಬಂದ. ಟಾರ್ಚು ಬಿಟ್ಟ. ಬಗ್ಗಿ ಕಿವಿಗೊಟ್ಟು ಕೇಳಿದ, ವೈದ್ಯರು ಎದೆಗೆ ಕಿವಿಗೊಡುವಂತೆ.

“ಸಾಬ್ರೇ,” ಎಂದ ಮೆಲ್ಲಗೆ, “ನಿಮ್ ಅಸಲಿ ಗೊರಕೆಗೆ ಕೊನೇಲಿ ಒಂದು ಸಣ್ಣ ಸೀಟಿ ಇರ್ತೈತೆ. ಇದ್ರಲ್ಲಿ ಇಲ್ಲ.”

ಪಾಷಾ ಅವಸರದಲ್ಲಿ ಸೀಟಿಯನ್ನೂ ಸೇರಿಸಿದರು. ಅಷ್ಟರಲ್ಲಿ ಹಾಲೇಶ ಬಾಗಿಲಾಚೆ ಹೋಗಿಯಾಗಿತ್ತು. ಫೋನಿನಲ್ಲಿ ಅವನು ಕೂಗುವುದು ಒಳಗಿನವರೆಗೂ ಕೇಳಿಸಿತು.

“ಹಲೋ, ಹೊನ್ನಯ್ಯಣ್ಣ! ಟ್ರ್ಯಾಕ್ಟರ್ ತೆಗೀರಿ ಬೇಗ. ಸಾಬ್ರು ನಿದ್ದೆ ಬಂದೋರ ಥರ ನಾಟಕ ಆಡ್ತಾವ್ರೆ. ಸಿನಿಮಾ ಅಷ್ಟು ಚೆನ್ನಾಗೈತೆ ಕಣಣ್ಣ, ನಮ್ಗೆ ಗೊತ್ತಾಗ್ಬಾರ್ದು ಅಂತ ಬಚ್ಚಿಡ್ತಾವ್ರೆ!”